ಹೋಂವರ್ಕಿನಿಂದ ಹುಟ್ಟಿದ ಜಗಳ

ಪ್ರೊಫೆಸರನ್ನೂ ಪಾಸ್ಟರನ್ನೂ ಒಂದೇ ಮೇಜಿಗೆ ಎದುರುಬದುರು ಕೂರಿಸಬೇಡಿ. ಕಾಫಿ ಆರುತ್ತದೆ, ದೋಸೆ ಮೆತ್ತಗಾಗುತ್ತದೆ, ಕೊನೆಗೆ ಬಿಲ್ಲು ಮಧ್ಯಸ್ಥಿಕೆಗೆ ಹೋದ ನಿಮ್ಮ ತಲೆಗೇ ಬರುತ್ತದೆ. ಪ್ರೊಫೆಸರೆಂದರೆ ಇಲ್ಲಿ ದೇವಶಾಸ್ತ್ರದ ಪ್ರೊಫೆಸರು. ಗ್ರೀಕು ಬಲ್ಲವರು, ಹೀಬ್ರೂ ಬಲ್ಲವರು, ಸತ್ಯವೇದದ ಒಂದು ವಾಕ್ಯ ಕೇಳಿದರೆ ಮೂರು ಹಸ್ತಪ್ರತಿಗಳ ಹೆಸರು ಹೇಳಿ ನಾಲ್ಕನೆಯದಕ್ಕೆ ಕನ್ನಡಕ ಹುಡುಕುವವರು. ಪಾಸ್ಟರೆಂದರೆ ಪೆಂಟೆಕೋಸ್ಟಲ್ ಸಭೆಯ ಪಾಸ್ಟರು. ಉಪವಾಸ ಪ್ರಾರ್ಥನೆಯವರು, ಇಡೀ ರಾತ್ರಿ ಜಾಗರಣೆಯವರು, ಆತ್ಮಾವೇಶದಲ್ಲಿ ತಾವು ಕಲಿಯದ ನುಡಿಯಲ್ಲಿ, ಅಂದರೆ ಅನ್ಯಭಾಷೆಯಲ್ಲಿ ಮಾತಾಡುವವರು, ಮೈಕು ಕೆಟ್ಟರೂ ಮೂರನೇ ಬೀದಿಗೆ ಕೇಳಿಸುವವರು.

ಹೆಸರು ಕೇಳಬೇಡಿ. ಇವರು ಒಬ್ಬೊಬ್ಬರಲ್ಲ, ಎರಡು ಪಂಗಡ. ಬೆಂಗಳೂರಿನಲ್ಲಿ ಲಿಂಗರಾಜಪುರ, ಹೆಣ್ಣೂರು, ಕೊತ್ತನೂರಿನ ಕಡೆ ಒಂದು ಸುತ್ತು ಹಾಕಿದರೆ ಇಬ್ಬರೂ ಸಿಗುತ್ತಾರೆ. 1910ರಲ್ಲಿ ಶುರುವಾದ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು ಇರುವ ಊರು ಇದೇ. ಭಾನುವಾರ ಬೆಳಗಾದರೆ ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಡ್ರಮ್ಮು, ಕೀಬೋರ್ಡು, ಹಲ್ಲೆಲೂಯಾ ಏಳುವ ಊರೂ ಇದೇ.

ಇಬ್ಬರೂ ಸಿಕ್ಕರೆ ಮಾತು ಶುರುವಾಗುವುದು ಹೀಗೆ.

"ಸಾರ್, ನಮ್ಮ ಸಭೆಯ ಹುಡುಗ ಬೆಂಕಿ ಬೆಂಕಿ ಇದ್ದ. ನಿಮ್ಮ ಕಾಲೇಜಿಗೆ ಕಳಿಸಿದೆವು. ಮೂರು ವರ್ಷಕ್ಕೆ ತಣ್ಣಗಾಗಿ ವಾಪಸು ಬಂದ."

"ಪಾಸ್ಟರೇ, ಅವನಿಗೆ ಜ್ವರ ಇತ್ತು. ನಾವು ಇಳಿಸಿದೆವು."

ಪಾಸ್ಟರು ಸುಮ್ಮನಿರುತ್ತಾರೆಯೇ? ಸೆಮಿನರಿ, ಸೆಮೆಟ್ರಿ ಎರಡೂ ಕೇಳುವುದಕ್ಕೆ ಒಂದೇ ಥರ ಇವೆಯಲ್ಲ ಸಾರ್, ಅದರಲ್ಲೇನೋ ದೇವರ ಚಿತ್ತವಿರಬೇಕು ಎನ್ನುತ್ತಾರೆ. ಈ ಜೋಕು ಪೆಂಟೆಕೋಸ್ಟಲ್ ಸಭೆಗಳಲ್ಲಿ ಲೋಕವನ್ನೆಲ್ಲ ಸುತ್ತಿ ಸವೆದಿದೆ, ಆದರೂ ಹೇಳಿದ ಪ್ರತಿಸಲ ಆಮೆನ್ ಬೀಳುತ್ತದೆ. ಪ್ರೊಫೆಸರು ನಗುವುದಿಲ್ಲ. ಅದರ ಮೂಲ ಯಾವುದೆಂದು ಯೋಚಿಸುತ್ತಿರುತ್ತಾರೆ.

ಈ ಜಗಳವನ್ನು ನೋಡಿದವರು ಇದು ವಿದ್ಯೆಗೂ ನಂಬಿಕೆಗೂ ಹುಟ್ಟಾ ಬಂದ ವೈರವೆಂದು ತಿಳಿಯುತ್ತಾರೆ. ನಾನು ಒಪ್ಪುವುದಿಲ್ಲ. ಇದು ದಾಯಾದಿ ಕಲಹ. ಅಮೆರಿಕದಲ್ಲಿ ಪೆಂಟೆಕೋಸ್ಟಲ್ ಚಳವಳಿ ಹುಟ್ಟಿದ್ದೇ ಒಂದು ಶಾಲೆಯಲ್ಲಿ, ಅದೂ ಮೇಷ್ಟರು ಕೊಟ್ಟ ಹೋಂವರ್ಕಿನಿಂದ. ಪಾಸ್ಟರಿಗೆ ಇದನ್ನು ನೆನಪಿಸಿದರೆ ಮುಜುಗರ, ಪ್ರೊಫೆಸರಿಗೆ ನೆನಪಿಸಿದರೆ ಇನ್ನೂ ಹೆಚ್ಚು ಮುಜುಗರ.

1900ನೇ ಇಸವಿಯ ಕೊನೆ, ಅಮೆರಿಕದ ಕಾನ್ಸಾಸ್ ರಾಜ್ಯದ ಟೊಪೀಕ ಎಂಬ ಊರು. ಅಲ್ಲೊಂದು ಭಾರೀ ಬಂಗಲೆ. ಕಟ್ಟಿಸಹೊರಟ ಸ್ಟೋನ್ ಎಂಬಾತ ಅಂದುಕೊಂಡಂತೆ ಮುಗಿಸಲು ದುಡ್ಡು ಸಾಲದೆ ಕೈಚೆಲ್ಲಿದ್ದ, ಊರವರು ಅದಕ್ಕೆ ಸ್ಟೋನನ ಪೆದ್ದುತನ ಎಂದೇ ನಾಮಕರಣ ಮಾಡಿದ್ದರು. ಆ ಬಂಗಲೆ ಹಿಡಿದು ಚಾರ್ಲ್ಸ್ ಪಾರ್ಹಮ್ ಎಂಬ ಬೋಧಕ ಬೈಬಲ್ ಶಾಲೆ ತೆರೆದ. ವಿದ್ಯಾರ್ಥಿಗಳು ಸುಮಾರು ನಲವತ್ತು, ಪಠ್ಯಪುಸ್ತಕ ಒಂದೇ. ಡಿಸೆಂಬರಿನಲ್ಲಿ ಬೇರೆ ಊರಿಗೆ ಹೊರಟ ಪಾರ್ಹಮ್ ಒಂದು ಪ್ರಶ್ನೆ ಕೊಟ್ಟು ಹೋದ: ಒಬ್ಬನಿಗೆ ಪವಿತ್ರಾತ್ಮನ ದೀಕ್ಷಾಸ್ನಾನ ಆಗಿದೆ ಎಂಬುದಕ್ಕೆ ಸತ್ಯವೇದ ಕೊಡುವ ಗುರುತು ಯಾವುದು? ಹಿಂತಿರುಗಿ ಬಂದರೆ ಎಲ್ಲರದೂ ಒಂದೇ ಉತ್ತರ, ಅನ್ಯಭಾಷೆ. ನಲವತ್ತು ಮಂದಿ ಒಂದೇ ಉತ್ತರ ಬರೆದಿದ್ದರೆ ನಮ್ಮ ಮೇಷ್ಟರುಗಳು ಕಾಪಿ ಹೊಡೆದಿದ್ದೀರಿ ಎಂದು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಪಾರ್ಹಮ್ ದೇವರ ಕೈವಾಡ ಎಂದ. ಉತ್ತರ ಮೇಷ್ಟರ ಜೇಬಿನಲ್ಲಿ ಮೊದಲೇ ಇತ್ತು, ಪ್ರಶ್ನೆಯೇ ಅದಕ್ಕೆ ತಕ್ಕಂತೆ ಹೊಲಿದದ್ದು ಎಂಬುದು ಇತಿಹಾಸಕಾರರ ಗುಮಾನಿ. ಪ್ರಶ್ನೆಪತ್ರಿಕೆ ತಯಾರಿಸಿದ ಅನುಭವವಿರುವ ಪ್ರೊಫೆಸರುಗಳಿಗೆ ಈ ಗುಮಾನಿ ಸಹಜವಾಗಿಯೇ ಬರುತ್ತದೆ.

ಉತ್ತರ ಸಿಕ್ಕಮೇಲೆ ಪ್ರಯೋಗ ಆಗಬೇಕಲ್ಲ? 1901ರ ಜನವರಿ 1ರಂದು ಆಗ್ನೆಸ್ ಓಝ್ಮನ್ ಎಂಬ ವಿದ್ಯಾರ್ಥಿನಿಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು, ಆಕೆ ಯಾರಿಗೂ ಗೊತ್ತಿಲ್ಲದ ನುಡಿಯಲ್ಲಿ ಮಾತಾಡಿದಳು. ಚೀನೀ ಭಾಷೆ ಎಂದರು. ಮೂರು ದಿನ ಬಾಯಲ್ಲಿ ಇಂಗ್ಲಿಷೇ ಹೊರಡಲಿಲ್ಲವೆಂದರು. ಬರೆಯಲು ಕೊಟ್ಟರೆ ಬರೆದದ್ದೂ ಚೀನೀ ಲಿಪಿ ಎಂದರು. ಪತ್ರಿಕೆಯವರು ಆ ಬರಹವನ್ನು ಅಚ್ಚುಹಾಕಿದ್ದೇ ತಪ್ಪಾಯಿತು. ಲಿಪಿಯೆಂದರೆ ಲಿಪಿ, ಗೀಚೆಂದರೆ ಗೀಚು, ಕಣ್ಣಿದ್ದವರೆಲ್ಲ ನೋಡಿಬಿಟ್ಟರು.

ಪಾರ್ಹಮ್‌ನ ಇನ್ನೊಬ್ಬ ಶಿಷ್ಯನ ಕಥೆಗೆ ಬಂದರೆ ತಮಾಷೆ ಸ್ವಲ್ಪ ಕಡಿಮೆಯಾಗುತ್ತದೆ. ವಿಲಿಯಮ್ ಸೇಮೂರ್, 1870ರಲ್ಲಿ ಲೂಯಿಸಿಯಾನದಲ್ಲಿ ಹುಟ್ಟಿದವನು. ತಂದೆತಾಯಿ ಒಂದು ಕಾಲದಲ್ಲಿ ಗುಲಾಮರಾಗಿದ್ದವರು. ಅವನಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ಟೆಕ್ಸಾಸಿನ ಹ್ಯೂಸ್ಟನ್‌ನಲ್ಲಿ ಪಾರ್ಹಮ್ ಪಾಠ ಹೇಳುತ್ತಿದ್ದಾಗ ಕರಿಯನು ಬಿಳಿಯರ ಜೊತೆ ತರಗತಿಯಲ್ಲಿ ಕೂರುವಂತಿರಲಿಲ್ಲ. ಬಾಗಿಲು ಒಂದಿಷ್ಟು ತೆರೆದಿಟ್ಟರು, ಸೇಮೂರ್ ಹೊರಗಿನ ಪಡಸಾಲೆಯಲ್ಲಿ ಕೂತು ಕೇಳಿಸಿಕೊಂಡ. ಹಾಗೆ ಬಾಗಿಲಾಚೆ ಕಲಿತವನು 1906ರಲ್ಲಿ ಲಾಸ್ ಏಂಜಲಿಸ್‌ಗೆ ಹೋಗಿ ಅಜೂಸಾ ಬೀದಿಯ 312ನೇ ನಂಬರಿನ ಹಳೇ ಕಟ್ಟಡದಲ್ಲಿ ಪ್ರಾರ್ಥನೆ ನಡೆಸಿದ. ಆ ಕಟ್ಟಡ ಮೊದಲು ಚರ್ಚಾಗಿತ್ತು, ಆಮೇಲೆ ಲಾಯವೂ ಉಗ್ರಾಣವೂ ಆಗಿತ್ತು. ಮೊಳೆ ತುಂಬುವ ಪೀಪಾಯಿಗಳ ಮೇಲೆ ಹಲಗೆಯಿಟ್ಟು ಬೆಂಚು ಮಾಡಿಕೊಂಡರು. ಕರಿಯರು, ಬಿಳಿಯರು, ಮೆಕ್ಸಿಕನ್ನರು ಒಂದೇ ಹಲಗೆಯ ಮೇಲೆ ಕೂತರು. ಏಪ್ರಿಲ್ 18ರ ಲಾಸ್ ಏಂಜಲಿಸ್ ಟೈಮ್ಸ್ ಇವರ ಭಾಷಾಗೊಂದಲವನ್ನು ಹೊಟ್ಟೆ ತುಂಬ ಗೇಲಿ ಮಾಡಿತು. ಅದೇ ದಿನ ಬೆಳಗ್ಗೆ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪಕ್ಕೆ ಸಿಕ್ಕಿ ನೆಲಕಚ್ಚಿತು. ಗೇಲಿಗೊಳಗಾದವರು ಇದರಿಂದ ಯಾವ ಅರ್ಥ ತೆಗೆದರೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆ ಶರತ್ಕಾಲದಲ್ಲಿ ಗುರು ಪಾರ್ಹಮ್ ಶಿಷ್ಯನ ಸಭೆ ನೋಡಲು ಬಂದ. ಕರಿಯರೂ ಬಿಳಿಯರೂ ಒಬ್ಬರ ಮೇಲೊಬ್ಬರು ಬಿದ್ದು ಪ್ರಾರ್ಥಿಸುವುದನ್ನು ಕಂಡು ಅಸಹ್ಯಪಟ್ಟ, ಬೈದ. ಅಜೂಸಾದವರು ಅವನನ್ನು ಹೊರಗೆ ಕಳಿಸಿದರು. ಮುಂದೆ ಆದದ್ದೇನು? ಬಿಳಿಯರ ದೊಡ್ಡ ದೊಡ್ಡ ಪಂಗಡಗಳು ಹುಟ್ಟಿಕೊಂಡವು. ಸೇಮೂರ್ 1922ರಲ್ಲಿ ತೀರಿಕೊಂಡ, 1931ರಲ್ಲಿ ಕಟ್ಟಡವನ್ನೂ ಕೆಡವಿದರು. ಆ ಪಂಗಡಗಳವರು ಈ ಚಳವಳಿಗೆ ಮನುಷ್ಯಮಾತ್ರರು ಸ್ಥಾಪಕರಲ್ಲ, ಪವಿತ್ರಾತ್ಮನೇ ಸ್ಥಾಪಕ ಎಂದು ಪ್ರಸಂಗ ಮಾಡಿದರು. ಕೇಳಲು ಬಹಳ ವಿನಯ. ಆ ವಿನಯದ ಮರೆಯಲ್ಲಿ ಒಬ್ಬ ಕರಿಯನ ಹೆಸರು ಸದ್ದಿಲ್ಲದೆ ಅಳಿಸಿಹೋಯಿತು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಅದನ್ನು ಮತ್ತೆ ಅಗೆದು ತೆಗೆದವರು ಡಾಕ್ಟರೇಟ್ ಪ್ರಬಂಧ ಬರೆದವರು, ಧೂಳು ಹಿಡಿದ ಪತ್ರಿಕೆ ಕೆದಕಿದವರು. ಪಾಸ್ಟರು ಪ್ರೊಫೆಸರನ್ನು ತೀರ ಜರೆಯಲು ಶುರುವಿಟ್ಟಾಗ ನಾನು ಕೇಳುವುದುಂಟು: "ಪಾಸ್ಟರೇ, ಕಳೆದುಹೋದ ನಿಮ್ಮ ಅಜ್ಜನನ್ನು ಹುಡುಕಿಕೊಟ್ಟವರು ಯಾರು?" ಆಗ ಅವರು ಕೆಮ್ಮುತ್ತಾರೆ.

ಸರಿ, ಪ್ರೊಫೆಸರು ಇಷ್ಟಕ್ಕೇ ಬೀಗಬಾರದು. ಕಲ್ಕತ್ತೆಗೆ ಹೋಗೋಣ.

ಅನ್ಯಭಾಷೆಯ ವಿಚಾರದಲ್ಲಿ ಪಾರ್ಹಮ್‌ಗೆ ಒಂದು ಸೊಗಸಾದ ಲೆಕ್ಕಾಚಾರ ಇತ್ತು. ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯದಲ್ಲಿ ಹಬ್ಬಕ್ಕೆ ಬಂದ ಪರದೇಶದವರಿಗೆಲ್ಲ ತಮ್ಮ ತಮ್ಮ ಭಾಷೆ ಕೇಳಿಸಿತಲ್ಲ? ಹಾಗಾದರೆ ಈಗ ದೊರೆಯುವ ಭಾಷೆಗಳೂ ನಿಜವಾದ ಲೋಕದ ಭಾಷೆಗಳೇ. ಮಿಷನರಿಗಳು ಇನ್ನು ಮೇಲೆ ವ್ಯಾಕರಣ ಉರುಹೊಡೆಯಬೇಕಿಲ್ಲ, ಟಿಕೆಟ್ಟು ತೆಗೆದರೆ ಸಾಕು! ಅಜೂಸಾದಿಂದ ಆಲ್‌ಫ್ರೆಡ್ ಗಾರ್, ಲಿಲಿಯನ್ ಗಾರ್ ದಂಪತಿ ಇದನ್ನೇ ನಂಬಿ ಹೊರಟರು. ತನಗೆ ದೊರೆತದ್ದು ಬಂಗಾಳಿ ಎಂದು ಆಲ್‌ಫ್ರೆಡ್‌ಗೆ ಖಾತ್ರಿಯಾಗಿತ್ತು. 1907 ಕಣ್ಣುಬಿಡುವ ಹೊತ್ತಿಗೆ ಕಲ್ಕತ್ತೆ ಸೇರಿದ್ದರು. ಬಂಗಾಳಿಗಳ ಎದುರು ಬಾಯಿ ತೆರೆದರು. ಬಂಗಾಳಿಗಳಿಗೆ ಒಂದಕ್ಷರ ತಿಳಿಯಲಿಲ್ಲ.

ಇದೇ ಬಂಗಾಳದಲ್ಲಿ ನೂರು ವರ್ಷ ಹಿಂದೆ ವಿಲಿಯಮ್ ಕೇರಿ ಪಂಡಿತರನ್ನು ಕಾಡಿ ಬೇಡಿ ಬಂಗಾಳಿ ಕಲಿತು, 1801ರಲ್ಲಿ ಸೆರಾಂಪುರದಲ್ಲಿ ಹೊಸ ಒಡಂಬಡಿಕೆ ಅಚ್ಚುಮಾಡಿಸಿದ್ದ. ನಮ್ಮ ಕಡೆ ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಮಂಗಳೂರಿಗೆ ಬಂದಿಳಿದರು, ಅವರ ನಿಘಂಟು ಹೊರಬಂದದ್ದು 1894ರಲ್ಲಿ. ನಲವತ್ತೊಂದು ವರ್ಷ! ಪಾರ್ಹಮ್‌ನ ಲೆಕ್ಕಾಚಾರ ಸರಿಹೋಗಿದ್ದಿದ್ದರೆ ಕಿಟೆಲ್ಲರ ಶ್ರಮವೆಲ್ಲ ದಂಡ ಎನಿಸುತ್ತಿತ್ತು. ಬೆಂಗಳೂರಿಗೆ ಬಂದು ಹದಿನೈದು ವರ್ಷವಾದರೂ "ಕನ್ನಡ ಗೊತ್ತಿಲ್ಲ" ಒಂದನ್ನೇ ಕಲಿತ ಸಾಫ್ಟ್‌ವೇರ್ ಮಂದಿಗಾಗಿ ಒಂದು ವಿಶೇಷ ಉಜ್ಜೀವನ ಕೂಟ ನಡೆಸಿ ಎಂದು ನಾನೇ ಪಾಸ್ಟರಿಗೆ ಅರ್ಜಿ ಹಾಕುತ್ತಿದ್ದೆ.

ಪ್ರೊಫೆಸರು ಈ ಕಲ್ಕತ್ತೆ ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಮೀಸೆಯಲ್ಲಿ ನಗುತ್ತಾರೆ. ಕಥೆಯ ಮುಂದಿನ ಭಾಗವೇ ನನಗೆ ಹೆಚ್ಚು ಇಷ್ಟ. ಗಾರ್ ದಂಪತಿ ಹಡಗು ಹತ್ತಿ ಊರಿಗೆ ಓಡಲಿಲ್ಲ. ಬಂಗಾಳಿ ಬರಲಿಲ್ಲ ಎಂಬುದನ್ನು ಒಪ್ಪಿಕೊಂಡರು, ಇಂಗ್ಲಿಷ್ ಬಲ್ಲ ಮಿಷನರಿಗಳ ನಡುವೆಯೇ ಕೂಟ ನಡೆಸಿದರು. ಆಮೇಲೆ ಹಾಂಗ್‌ಕಾಂಗ್‌ಗೆ ಹೋಗಿ ಸ್ಥಳೀಯ ದುಭಾಷಿಯೊಬ್ಬನ ಮೂಲಕ ಬೋಧಿಸಿದರು. ಅನ್ಯಭಾಷೆ ಪ್ರಸಂಗಕ್ಕಲ್ಲ, ಪ್ರಾರ್ಥನೆಗೆ, ಸ್ತೋತ್ರಕ್ಕೆ ಎಂಬ ಕಡೆ ಅವರ ತಿಳಿವಳಿಕೆ ಹೊರಳಿತು, ಇಡೀ ಚಳವಳಿಯ ತಿಳಿವಳಿಕೆಯೂ ಹಾಗೇ ಹೊರಳಿತು. ಒಂದು ಊಹೆ ಇಟ್ಟುಕೊಂಡರು, ಸಾವಿರಾರು ಮೈಲಿ ಹೋಗಿ ಪರೀಕ್ಷಿಸಿದರು, ತಪ್ಪೆಂದು ಕಂಡಿತು, ಊಹೆ ತಿದ್ದಿಕೊಂಡರು. ಇದಕ್ಕೆ ಸಂಶೋಧನೆ ಎನ್ನದೆ ಇನ್ನೇನೆನ್ನಬೇಕು? ತಮ್ಮ ಥಿಯರಿ ಬಿದ್ದುಹೋದದ್ದನ್ನು ಇಷ್ಟು ಬೇಗ ಒಪ್ಪಿದ ಪ್ರೊಫೆಸರುಗಳನ್ನು ನಾನು ಹೆಚ್ಚು ಕಂಡಿಲ್ಲ. ಕೆಲವರು ನಿವೃತ್ತಿಯವರೆಗೂ ಎಳೆಯುತ್ತಾರೆ.

ನಿಜವಾದ ಪ್ರೊಫೆಸರುಗಳೂ ಟೇಪ್‌ರೆಕಾರ್ಡರ್ ಹಿಡಿದು ಪ್ರಾರ್ಥನಾ ಮಂದಿರಗಳಿಗೆ ಹೋದದ್ದುಂಟು. ಟೊರಾಂಟೊದ ಭಾಷಾವಿಜ್ಞಾನಿ ವಿಲಿಯಮ್ ಸಮಾರಿನ್ ಹಲವು ದೇಶಗಳಲ್ಲಿ ಅನ್ಯಭಾಷೆಯನ್ನು ಕೇಳಿ, ದಾಖಲಿಸಿ, ಬಿಡಿಸಿ ನೋಡಿ 1972ರಲ್ಲಿ ಪುಸ್ತಕ ಬರೆದರು. ಆಫ್ರಿಕದ ಸಾಂಗೋ ಭಾಷೆಯ ವ್ಯಾಕರಣ ಬರೆದ ಮನುಷ್ಯ, ಅರಿಯದ ನುಡಿಗೆ ಹೆದರುವವರಲ್ಲ. ಅವರ ತೀರ್ಮಾನ: ಅದರಲ್ಲಿ ಲಯವಿದೆ, ಏರಿಳಿತವಿದೆ, ವಾಕ್ಯ ಮುಗಿದ ಹಾಗೆ ನಿಲುಗಡೆಯಿದೆ. ಧ್ವನಿಗಳು ಮಾತಾಡುವವನಿಗೆ ಮೊದಲೇ ಗೊತ್ತಿರುವ ಭಾಷೆಗಳವು. ಪದಕ್ಕೂ ಅರ್ಥಕ್ಕೂ ಗಂಟುಹಾಕುವ ವ್ಯವಸ್ಥೆ ಮಾತ್ರ ಇಲ್ಲ. ಮಾತಾಡುವವರು ಹುಚ್ಚರಲ್ಲ, ರೋಗಿಗಳಲ್ಲ, ನೆಟ್ಟಗಿರುವ ಜನ ಎಂದೂ ಅವರೇ ಹೇಳಿದರು. ಮೊದಲ ಅರ್ಧ ಪ್ರೊಫೆಸರ ಬಾಯಲ್ಲಿ ನಿಂತಿತು, ಎರಡನೆಯ ಅರ್ಧ ಯಾರ ಬಾಯಲ್ಲೂ ನಿಲ್ಲಲಿಲ್ಲ.

2006ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಆಂಡ್ರ್ಯೂ ನ್ಯೂಬರ್ಗ್ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಐದು ಮಂದಿ ಹೆಂಗಸರ ಮಿದುಳನ್ನೇ ಸ್ಕ್ಯಾನ್ ಮಾಡಿತು. ಒಂದು ಸಲ ಭಕ್ತಿಗೀತೆ ಹಾಡುವಾಗ, ಒಂದು ಸಲ ಅನ್ಯಭಾಷೆಯಲ್ಲಿ ಪ್ರಾರ್ಥಿಸುವಾಗ. ಅನ್ಯಭಾಷೆಯ ಹೊತ್ತಿನಲ್ಲಿ ಮಿದುಳಿನ ಮುಂಭಾಗದ ಚಟುವಟಿಕೆ, ಅಂದರೆ ನಾನು ಮಾತಾಡುತ್ತಿದ್ದೇನೆ ಎಂದು ಹತೋಟಿಯಲ್ಲಿಡುವ ಭಾಗದ ಕೆಲಸ, ಇಳಿದಿತ್ತು. "ನೋಡಿದಿರಾ, ಎಲ್ಲ ಮಿದುಳಿನ ಆಟ" ಎಂದರು ಪ್ರೊಫೆಸರು. "ನೋಡಿದಿರಾ, ಮಾತಾಡುತ್ತಿರುವುದು ನಾವಲ್ಲ" ಎಂದರು ಪಾಸ್ಟರು. ಒಂದೇ ಚಿತ್ರ ನೋಡಿ ಇಬ್ಬರೂ ಗೆದ್ದರು. ಇಷ್ಟು ಸಮಾಧಾನಕರವಾದ ಸಂಶೋಧನೆ ಇನ್ನೊಂದಿಲ್ಲ.

ನಿಜವಾದ ಪೆಟ್ಟು ಬೀಳುವುದು ಗ್ರಂಥಪಾಠದ ಹತ್ತಿರ. ಮಾರ್ಕನ ಸುವಾರ್ತೆಯ ಕೊನೆಯ ಅಧ್ಯಾಯ, ಹದಿನಾರನೆಯದು, ಒಂಬತ್ತರಿಂದ ಇಪ್ಪತ್ತನೆಯ ವಚನದವರೆಗೆ. ನಂಬುವವರು ಹೊಸ ಭಾಷೆಗಳಲ್ಲಿ ಮಾತಾಡುತ್ತಾರೆ, ಹಾವು ಹಿಡಿದರೂ ವಿಷ ಕುಡಿದರೂ ಏನೂ ಆಗುವುದಿಲ್ಲ, ರೋಗಿಗಳ ಮೇಲೆ ಕೈಯಿಟ್ಟರೆ ಗುಣವಾಗುತ್ತಾರೆ ಎಂಬ ಭರವಸೆ ಅಲ್ಲಿದೆ. ಪೆಂಟೆಕೋಸ್ಟಲ್ ಪ್ರಸಂಗಗಳಿಗೆ ಇದು ಕಣ್ಣಿನಂಥ ಭಾಗ. ಪ್ರೊಫೆಸರು ಮೆಲ್ಲನೆ ಹೇಳುತ್ತಾರೆ: ನಾಲ್ಕನೆಯ ಶತಮಾನದ ಎರಡು ಮುಖ್ಯ ಹಸ್ತಪ್ರತಿಗಳಲ್ಲಿ, ಸಿನೈಟಿಕಸ್‌ನಲ್ಲೂ ವ್ಯಾಟಿಕನಸ್‌ನಲ್ಲೂ, ಈ ಹನ್ನೆರಡು ವಚನಗಳಿಲ್ಲ. ಬರಿದಾದ ಗೋರಿ ಕಂಡ ಹೆಂಗಸರು ಹೆದರಿ ಓಡುವಲ್ಲಿಗೆ ಮಾರ್ಕನ ಕಥೆ ನಿಂತುಬಿಡುತ್ತದೆ. ಉಳಿದದ್ದು ಆಮೇಲೆ ಸೇರಿಸಿದ್ದು. ಕುಮಾರವ್ಯಾಸನಿಂದ ವಚನಗಳವರೆಗೆ ಪ್ರಕ್ಷಿಪ್ತದ ಜಗಳ ನೋಡಿ ನೋಡಿ ಪಳಗಿದ ಕನ್ನಡಿಗರಿಗೆ ಇದರಲ್ಲಿ ಹೊಸತೇನಿಲ್ಲ. ಪಾಸ್ಟರಿಗೆ ಮಾತ್ರ ಕಾಲಕೆಳಗಿನ ಚಾಪೆ ಎಳೆದಂತಾಗುತ್ತದೆ. ಅವರ ಪರವಾಗಿಯೂ ಒಂದು ಮಾತಿದೆ, ಹೇಳಿಬಿಡುತ್ತೇನೆ. ಎರಡನೆಯ ಶತಮಾನದ ಐರಿನೇಯಸ್ ಈ ಭಾಗದ ಒಂದು ವಾಕ್ಯವನ್ನು ಮಾರ್ಕನದೆಂದೇ ಉದ್ಧರಿಸುತ್ತಾನೆ. ಸೇರಿಸಿದ್ದಾದರೂ ಬಲು ಹಿಂದೆಯೇ ಸೇರಿಸಿದ್ದು.

ಇದರ ಬಗ್ಗೆ ಯಾವ ಅನುಮಾನವನ್ನೂ ಇಟ್ಟುಕೊಳ್ಳದ ಒಬ್ಬ ಮನುಷ್ಯ ಇದ್ದ. ಜಾರ್ಜ್ ವೆಂಟ್ ಹೆನ್ಸ್‌ಲಿ, ಟೆನೆಸ್ಸಿ ರಾಜ್ಯದ ಗುಡ್ಡಗಾಡಿನವನು. ಸುಮಾರು 1910ರ ಹೊತ್ತಿಗೆ ಮಾರ್ಕನ ಮಾತನ್ನು ಅಕ್ಷರಶಃ ತೆಗೆದುಕೊಂಡು ಬುಡಬುಡಿಕೆ ಹಾವನ್ನು ಕೈಯಲ್ಲಿ ಹಿಡಿದೇ ಪ್ರಾರ್ಥನೆಗೆ ನಿಂತ. ಅವನ ಹಿಂದೆ ಗುಡ್ಡಗಾಡಿನ ಎಷ್ಟೋ ಸಭೆಗಳು ಹಾವು ಹಿಡಿದವು. 1947ರಲ್ಲಿ ಟೆನೆಸ್ಸಿ ಸರ್ಕಾರ ಕಾನೂನು ಮಾಡಿ ನಿಷೇಧಿಸಬೇಕಾಯಿತು. ಹೆನ್ಸ್‌ಲಿ ತೀರಿಕೊಂಡದ್ದು 1955ರಲ್ಲಿ, ಫ್ಲಾರಿಡಾದಲ್ಲಿ. ಹೇಗೆಂದು ನೀವೇ ಊಹಿಸಿದ್ದೀರಿ. ಲೋಕದ ಪೆಂಟೆಕೋಸ್ಟಲರಲ್ಲಿ ಬಹುಪಾಲು ಮಂದಿಗೂ ಈ ಹಾವಿಗೂ ಸಂಬಂಧವಿಲ್ಲ, ಅವರಲ್ಲೇ ಇದನ್ನು ಖಂಡಿಸಿದವರು ಬೇಕಾದಷ್ಟು ಜನ. ನಮ್ಮ ಪಾಸ್ಟರಂತೂ ಜಿರಲೆ ಕಂಡರೆ ಪಾಸ್ಟರಮ್ಮನನ್ನು ಕೂಗುವವರು. ಆದರೆ ಅಡಿಟಿಪ್ಪಣಿ ಓದದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪ್ರೊಫೆಸರುಗಳ ಕೈಯಲ್ಲಿ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಇಲ್ಲ, ಅವರು ಬಿಡುವುದೂ ಇಲ್ಲ.

ಈಗ ಇದೇ ಕತ್ತರಿ ಇನ್ನೊಂದು ಕಡೆ ಹೇಗೆ ಆಡುತ್ತದೆ ನೋಡಿ. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಹದಿನಾಲ್ಕನೆಯ ಅಧ್ಯಾಯದಲ್ಲಿ ಸಭೆಯಲ್ಲಿ ಹೆಂಗಸರು ಮೌನವಾಗಿರಬೇಕೆನ್ನುವ ಎರಡು ವಚನಗಳಿವೆ. ಹೆಂಗಸರು ಬೋಧನೆಗೆ ನಿಂತಾಗಲೆಲ್ಲ ಇವನ್ನೇ ತೆಗೆದು ಬಾಯಿ ಮುಚ್ಚಿಸುತ್ತ ಬಂದರು. ಗಾರ್ಡನ್ ಫೀ ಎಂಬ ವಿದ್ವಾಂಸರು 1987ರಲ್ಲಿ ಆ ಪತ್ರಿಕೆಗೆ ದೊಡ್ಡ ವ್ಯಾಖ್ಯಾನ ಬರೆದಾಗ, ಕೆಲವು ಹಸ್ತಪ್ರತಿಗಳಲ್ಲಿ ಈ ಎರಡು ವಚನಗಳು ಜಾಗ ಬದಲಿಸಿ ಅಧ್ಯಾಯದ ಕೊನೆಗೆ ಹೋಗಿರುವುದನ್ನು ತೋರಿಸಿ, ಇವು ಪೌಲನವಲ್ಲ, ಯಾರೋ ಅಂಚಿನಲ್ಲಿ ಬರೆದದ್ದು ಒಳಗೆ ನುಸುಳಿದೆ ಎಂದು ವಾದಿಸಿದರು. ಎಲ್ಲ ವಿದ್ವಾಂಸರೂ ಒಪ್ಪಿದ್ದಾರೆ ಎಂದಲ್ಲ. ತಮಾಷೆ ಎಲ್ಲಿದೆ ಎಂದರೆ, ಫೀ ಪೆಂಟೆಕೋಸ್ಟಲರೇ, ಅಸೆಂಬ್ಲೀಸ್ ಆಫ್ ಗಾಡ್ ಪಂಗಡದ ದೀಕ್ಷಿತ ಬೋಧಕರು. ಮಾರ್ಕನ ಹತ್ತಿರ ಕತ್ತರಿ ಹಿಡಿದಾಗ ಅಯ್ಯೋ ಎಂದ ಪಾಸ್ಟರು, ಕೊರಿಂಥದ ಹತ್ತಿರ ಬಂದಾಗ ಪಾಸ್ಟರಮ್ಮನ ಮುಖ ನೋಡಿ "ಇದರಲ್ಲಿ ವಿಷ್ಯ ಇದೆ ಸಾರ್" ಎಂದರು.

ಇಬ್ಬರನ್ನೂ ಒಟ್ಟಿಗೆ ಸುಮ್ಮನಾಗಿಸಬೇಕಾದಾಗ ನಾನು ತೆಗೆಯುವ ಹೆಸರು ಪಂಡಿತಾ ರಮಾಬಾಯಿ. ಹುಟ್ಟಿದ್ದು 1858ರಲ್ಲಿ, ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ, ಕಾರ್ಕಳದ ಕಡೆಯ ಮಾಳದ ಮನೆತನದವರು. ಹೆಂಡತಿಗೆ ಸಂಸ್ಕೃತ ಕಲಿಸುತ್ತಾರೆಂದು ಆಕ್ಷೇಪ ಎದ್ದಾಗ ಉಡುಪಿಯಲ್ಲಿ ಪಂಡಿತರೆದುರು ನಿಂತು ಶಾಸ್ತ್ರದಿಂದಲೇ ಸಮರ್ಥಿಸಿಕೊಂಡ ಮನುಷ್ಯ. ಹೆಂಡತಿ ಕಲಿತಳು, ಮಗಳೂ ಕಲಿತಳು. ಬರಗಾಲದಲ್ಲಿ ತಂದೆತಾಯಿಯನ್ನು ಕಳೆದುಕೊಂಡು ಅಣ್ಣನ ಜೊತೆ ದೇಶ ಅಲೆದ ಆ ಮಗಳನ್ನು 1878ರಲ್ಲಿ ಕಲ್ಕತ್ತೆಯ ಪಂಡಿತರು ಪರೀಕ್ಷಿಸಿ 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು.

1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಳಾದಳು. ಆದವಳು ಸುಮ್ಮನೆ ತಲೆಯಾಡಿಸುವ ಪೈಕಿಯೇ? ದೀಕ್ಷೆ ಕೊಟ್ಟವರನ್ನೇ ಕೂರಿಸಿಕೊಂಡು ತ್ರಯೈಕ್ಯ ಹೇಗೆ, ಈ ವಿಶ್ವಾಸಪ್ರಮಾಣ ಬೈಬಲಿನಲ್ಲಿ ಎಲ್ಲಿದೆ, ನಾನೇಕೆ ಒಪ್ಪಬೇಕು ಎಂದು ಪತ್ರದ ಮೇಲೆ ಪತ್ರ ಬರೆದು ಆಂಗ್ಲಿಕನ್ ಸನ್ಯಾಸಿನಿಯರಿಗೆ ಬೆವರಿಳಿಸಿದಳು. ಶಾಸ್ತ್ರಾರ್ಥದಲ್ಲಿ ಬೆಳೆದ ಹೆಣ್ಣುಮಗಳು. ಧರ್ಮ ಬದಲಾಗಬಹುದು, ವಾದ ಮಾಡುವ ಅಭ್ಯಾಸ ಎಲ್ಲಿ ಹೋಗುತ್ತದೆ?

ಇದೇ ರಮಾಬಾಯಿ ಪುಣೆ ಹತ್ತಿರದ ಕೇಡಗಾಂವದಲ್ಲಿ ಕಟ್ಟಿದ ಮುಕ್ತಿ ಮಿಷನ್‌ನಲ್ಲಿ, ವಿಧವೆಯರೂ ಬರಗಾಲದ ಅನಾಥ ಹುಡುಗಿಯರೂ ತುಂಬಿದ್ದ ಆಶ್ರಮದಲ್ಲಿ, 1905ರ ಜೂನ್ ತಿಂಗಳಲ್ಲಿ ಉಜ್ಜೀವನ ಹತ್ತಿಕೊಂಡಿತು. ಅಜೂಸಾ ಬೀದಿಗಿಂತ ಒಂದು ವರ್ಷ ಮುಂಚೆ, ಇದನ್ನು ಗುರುತು ಹಾಕಿಕೊಳ್ಳಿ. ಅಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ಮಿನ್ನಿ ಏಬ್ರಮ್ಸ್ ಬರೆದಿಟ್ಟ ಒಂದು ಘಟನೆ ಇದೆ. ರಾತ್ರಿ ಒಬ್ಬ ಹುಡುಗಿಯ ಮೇಲೆ ಬೆಂಕಿ ಇಳಿದದ್ದನ್ನು ಕಂಡ ಜೊತೆಗಾತಿ ಓಡಿಹೋಗಿ ಒಂದು ಬಕೆಟ್ ನೀರು ತಂದಳು. ಇನ್ನೇನು ಸುರಿಯಬೇಕು, ಹುಡುಗಿ ಸುಡುತ್ತಿಲ್ಲ ಎಂದು ಗೊತ್ತಾಯಿತು. ಇಡೀ ಪೆಂಟೆಕೋಸ್ಟಲ್ ಇತಿಹಾಸದಲ್ಲಿ ನನಗೆ ತೀರ ಆಪ್ತಳಾದವಳು ಈ ಬಕೆಟ್ಟಿನ ಹುಡುಗಿ. ಬೆಂಕಿ ಕಂಡದ್ದನ್ನು ನಂಬಿದಳು, ನಂಬಿ ನೀರು ತಂದಳು. ನಂಬಿಕೆಯೂ ಉಂಟು, ವ್ಯವಹಾರಜ್ಞಾನವೂ ಉಂಟು. ಇಬ್ಬರಲ್ಲಿ ಯಾರ ಪಕ್ಷಕ್ಕೆ ಸೇರಿಸುತ್ತೀರಿ ಅವಳನ್ನು?

ಏಬ್ರಮ್ಸ್ ಇದರ ಬಗ್ಗೆ 1906ರಲ್ಲಿ ಬರೆದ ಪುಸ್ತಿಕೆ ದಕ್ಷಿಣ ಅಮೆರಿಕದ ಚಿಲಿಯಲ್ಲಿದ್ದ ಗೆಳತಿಗೆ ತಲಪಿ, 1909ರಲ್ಲಿ ಅಲ್ಲಿನ ವಾಲ್ಪರೈಸೊದಲ್ಲಿ ಪೆಂಟೆಕೋಸ್ಟಲ್ ಚಳವಳಿ ಎದ್ದಿತು. ಅಂದರೆ ಎಲ್ಲವೂ ಅಮೆರಿಕದಿಂದಲೇ ಹೊರಟಿತು ಎನ್ನುವ ಕಥೆಗೆ ಕೇಡಗಾಂವ ಅಡ್ಡ ನಿಲ್ಲುತ್ತದೆ. ಇದನ್ನೂ ಎತ್ತಿ ತೋರಿಸಿದವರು ಪ್ರೊಫೆಸರುಗಳೇ, ಬರ್ಮಿಂಗ್‌ಹ್ಯಾಮಿನ ಆಲನ್ ಆಂಡರ್ಸನ್‌ರಂಥವರು.

ಒಂದು ಕೊಠಡಿಯಲ್ಲಿ ಹುಡುಗಿಯರು ಅಳುತ್ತ, ನಗುತ್ತ, ಗಟ್ಟಿಯಾಗಿ ಪ್ರಾರ್ಥಿಸುತ್ತಿರುವಾಗ ರಮಾಬಾಯಿ ಇನ್ನೊಂದು ಕೊಠಡಿಯಲ್ಲಿ ಏನು ಮಾಡುತ್ತಿದ್ದಳು ಗೊತ್ತೇ? ಹೀಬ್ರೂ ಮತ್ತು ಗ್ರೀಕು ಹಿಡಿದು, ಹಳ್ಳಿಯ ಹೆಂಗಸಿಗೂ ತಿಳಿಯುವ ಮರಾಠಿಗೆ ಇಡೀ ಬೈಬಲನ್ನು ಮೂಲದಿಂದ ಅನುವಾದಿಸುವ ಕೆಲಸ. ಆಶ್ರಮದಲ್ಲೇ ಅಚ್ಚುಕೂಟ, ಮೊಳೆ ಜೋಡಿಸುವವರೂ ಹೆಂಗಸರೇ. 1922ರಲ್ಲಿ, ಸೇಮೂರ್ ತೀರಿಕೊಂಡ ವರ್ಷವೇ, ಆಕೆಯೂ ಹೋದಳು. ಅನುವಾದ ಪೂರ್ತಿ ಪ್ರಕಟವಾದದ್ದು 1924ರಲ್ಲಿ. ಪ್ರಾರ್ಥನೆ ಜಾಸ್ತಿಯಾಯಿತು, ಗಲಾಟೆ ನಿಲ್ಲಿಸಿ ಎಂದು ಹುಡುಗಿಯರನ್ನು ಗದರಲಿಲ್ಲ. ಎಲ್ಲರೂ ಅನ್ಯಭಾಷೆಯಲ್ಲೇ ಮಾತಾಡಬೇಕೆಂದು ಹಟವನ್ನೂ ಹಿಡಿಯಲಿಲ್ಲ. ಹೀಬ್ರೂ ಕ್ರಿಯಾಪದಗಳನ್ನು ಬಿಟ್ಟು ಏಳಲಿಲ್ಲ. ಪ್ರೊಫೆಸರು ಆಕೆಯ ಅನುವಾದವನ್ನು ಹೊಗಳುತ್ತಾರೆ, ಬಕೆಟ್ಟಿನ ಕಥೆ ಬಂದರೆ ಗಡಿಯಾರ ನೋಡುತ್ತಾರೆ. ಪಾಸ್ಟರು ಬಕೆಟ್ಟಿನ ಕಥೆಯನ್ನು ಕಣ್ಣೀರು ತುಂಬಿ ಹೇಳುತ್ತಾರೆ, ಆಕೆ ಸನ್ಯಾಸಿನಿಯರಿಗೆ ಬರೆದ ಪತ್ರಗಳ ಮಾತೆತ್ತಿದರೆ ನೀರು ಕುಡಿಯುತ್ತಾರೆ. ಪ್ರೊಫೆಸರಿಗೆ ಕೈಯೆತ್ತಿ ಹಾಡಲು ನಾಚಿಕೆ, ಪಾಸ್ಟರಿಗೆ ಗೊತ್ತಿಲ್ಲ ಎನ್ನಲು ನಾಚಿಕೆ. ಗಂಗಾಮೂಲದ ಹೆಂಗಸಿಗೆ ಎರಡೂ ನಾಚಿಕೆ ಇರಲಿಲ್ಲ, ಅಷ್ಟೇ.

ಎರಡೂ ಕಡೆ ಕಾಲಿಟ್ಟವರ ಪಾಡು ಸುಖದ್ದೆಂದು ಹೇಳಲಾರೆ. ಸ್ವಿಟ್ಸರ್ಲೆಂಡಿನ ವಾಲ್ಟರ್ ಹೊಲೆನ್‌ವೆಗರ್ ಪೆಂಟೆಕೋಸ್ಟಲ್ ಪಾಸ್ಟರಾಗಿದ್ದವರು. ಅದನ್ನು ಬಿಟ್ಟು ಬಂದು 1966ರಲ್ಲಿ ಜೂರಿಕ್‌ನಲ್ಲಿ ಈ ಚಳವಳಿಯ ಮೇಲೆ ಹತ್ತು ಸಂಪುಟಗಳ ಪ್ರಬಂಧ ಒಪ್ಪಿಸಿದರು. ಪರೀಕ್ಷಕರ ಬಗ್ಗೆ ಕನಿಕರವಿರಲಿ. ಆಮೇಲೆ ಬಂದ ಅವರ ಪುಸ್ತಕದ ಅರ್ಪಣೆ ತುಂಬ ಹೆಸರುವಾಸಿ: ಬೈಬಲನ್ನು ಪ್ರೀತಿಸಲು ಕಲಿಸಿದ ಪೆಂಟೆಕೋಸ್ಟಲ್ ಗೆಳೆಯರಿಗೂ, ಅದನ್ನು ಅರ್ಥಮಾಡಿಕೊಳ್ಳಲು ಕಲಿಸಿದ ಪ್ರೆಸ್ಬಿಟೇರಿಯನ್ ಗುರುಗಳಿಗೂ ಒಟ್ಟಿಗೇ ಕೈಮುಗಿದಿದ್ದಾರೆ. ಇದನ್ನು ಹೇಳಿದರೆ ಪಾಸ್ಟರಿಗೆ ಎರಡನೆಯ ಅರ್ಧ ಚುಚ್ಚುತ್ತದೆ, ಪ್ರೊಫೆಸರಿಗೆ ಮೊದಲರ್ಧ. ಫೀ ಅವರನ್ನಂತೂ ಅವರ ಪಂಗಡದ ಕೆಲವರು ಅರೆಗಣ್ಣಿನಿಂದ ನೋಡಿದರು. ಅನ್ಯಭಾಷೆಯೇ ಆತ್ಮನ ದೀಕ್ಷಾಸ್ನಾನಕ್ಕೆ ಕಡ್ಡಾಯ ಗುರುತು ಎಂಬ ಟೊಪೀಕದ ಹೋಂವರ್ಕಿನ ಉತ್ತರಕ್ಕೇ ಅವರು ಕೆಂಪು ಶಾಯಿ ಹಾಕಿದ್ದರು. ಆರೋಗ್ಯ, ಐಶ್ವರ್ಯದ ಬೋಧನೆಯನ್ನು ಒಂದು ರೋಗವೆಂದೇ ಕರೆದು ಪುಸ್ತಿಕೆ ಬರೆದಿದ್ದರು. ಆದರೂ 2022ರಲ್ಲಿ ತೀರಿಕೊಳ್ಳುವವರೆಗೆ ಪೆಂಟೆಕೋಸ್ಟಲ್ ಎಂದೇ ಹೇಳಿಕೊಂಡರು.

ಈಗಿನವರಲ್ಲಿ ಕ್ರೇಗ್ ಕೀನರ್ ಇದ್ದಾರೆ. ಒಂದು ಕಾಲದಲ್ಲಿ ನಾಸ್ತಿಕ, ಈಗ ಹೊಸ ಒಡಂಬಡಿಕೆಯ ಪ್ರೊಫೆಸರು, ತಾನು ಅನ್ಯಭಾಷೆಯಲ್ಲಿ ಪ್ರಾರ್ಥಿಸುತ್ತೇನೆ ಎಂದು ಮುಚ್ಚುಮರೆಯಿಲ್ಲದೆ ಹೇಳುವವರು. ಅಪೊಸ್ತಲರ ಕೃತ್ಯಗಳು ಎಂಬ ಇಪ್ಪತ್ತೆಂಟು ಅಧ್ಯಾಯದ ಪುಸ್ತಕಕ್ಕೆ ಅವರು ಬರೆದ ವ್ಯಾಖ್ಯಾನ ನಾಲ್ಕು ಸಂಪುಟ, ನಾಲ್ಕು ಸಾವಿರ ಪುಟ ದಾಟುತ್ತದೆ. ನಾನು ಇದನ್ನು ಇಬ್ಬರ ಎದುರಿಗೂ ಹೇಳಿ ನೋಡಿದೆ, ಇನ್ನಾದರೂ ರಾಜಿಯಾಗಲಿ ಎಂದು.

ಪ್ರೊಫೆಸರು ಗಲ್ಲ ಕೆರೆದುಕೊಂಡರು. "ಅಡಿಟಿಪ್ಪಣಿಗಳು ಚೆನ್ನಾಗಿವೆ. ಪವಾಡಗಳ ಭಾಗ ಮಾತ್ರ ಸ್ವಲ್ಪ ಜಾಸ್ತಿಯಾಯಿತು."

ಪಾಸ್ಟರು ಕೈ ಅಗಲಿಸಿ ನಾಲ್ಕು ಸಂಪುಟದ ದಪ್ಪವನ್ನು ಗಾಳಿಯಲ್ಲೇ ಅಳೆದರು. "ಪವಾಡಗಳ ಭಾಗ ಚೆನ್ನಾಗಿದೆ ಅಂತ ಕೇಳಿದ್ದೇನೆ. ಆದರೆ ಸಾರ್, ಇಷ್ಟು ಭಾರ ಎತ್ತಿದರೆ ಸೊಂಟ ಹಿಡಿದುಕೊಳ್ಳುತ್ತದೆ. ಹಿಡಿದುಕೊಂಡರೆ ಶುಕ್ರವಾರ ಉಪವಾಸ ಕೂಟ ಇದೆ, ಬನ್ನಿ. ಕೈಯಿಟ್ಟು ಪ್ರಾರ್ಥನೆ ಮಾಡುತ್ತೇವೆ."

"ಎಷ್ಟು ಗಂಟೆಗೆ?" ಎಂದರು ಪ್ರೊಫೆಸರು.